ಮೊದಲು ಎಮ್ಮೆ, ಆಮೇಲೆ ಮಂದಿ

ನಮ್ಮ ಊರು ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲಿದೆ. ಇಲ್ಲಿ ಮಹಾಪೂರ ಬರಲು ಊರಲ್ಲಿ ಮಳೆ ಸುರಿಯಬೇಕೆಂದೇನಿಲ್ಲ. ಹೊಳೆಯ ಮೇಲ್ಭಾಗದಲ್ಲಿರುವ ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ ಜೋರು ಮಳೆಯಾದರೆ ಸಾಕು, ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. 2005, 2019, 2021ರ ನೀರನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೆ ಅಲ್ಲಿಯ ನೀರು ನಮ್ಮಲ್ಲಿಗೆ ಮುಟ್ಟಲು ಹೊತ್ತು ಬೇಕು. ಆ ಹೊತ್ತು ಸುಮ್ನೆ ಹೋಗಬಾರದು ಅಂತಲೇ 2019ರ ನಂತರ ನಾವು ಕೆಲವರು ಮನೆಮನೆಗೆ ಹೋಗತೊಡಗಿದೆವು.

ಕೇಳಿದ್ದು ಒಂದೇ ಪ್ರಶ್ನೆ: ನೀರು ಬಂದಾಗ ಮನೆ ಬಿಡಲು ಏನು ಅಡ್ಡಿ? ಹೊಳೆ ಓಣಿಯ ಅಜ್ಜಿಯೊಬ್ಬರು ಅಂದರು, "ನಾ ಹೆಂಗರ ಹೋಗತೀನೋ ಯಪ್ಪಾ, ಎಮ್ಮಿ ಎಲ್ಲಿ ಕಟ್ಟಲಿ?" ಹೆಚ್ಚಿನ ಮನೆಗಳಲ್ಲಿ ಇದೇ ಮಾತು. ಡೇರಿಗೆ ಹಾಲು ಹಾಕಿ ಬದುಕುವವರಿಗೆ ಎಮ್ಮೆ ಬಿಟ್ಟು ಸರ್ಕಾರದ ಕಾಳಜಿ ಕೇಂದ್ರಕ್ಕೆ (ನೆರೆ ಬಂದಾಗ ಉಳಿಯುವ ಜಾಗ) ಬನ್ನಿ ಅಂದರೆ ಹೇಗೆ ಬಂದಾರು? ಟಾರ್ಚು, ಔಷಧಿಯ ಪಟ್ಟಿ ಬದಿಗಿಟ್ಟು ದನಗಳಿಂದಲೇ ಶುರು ಮಾಡಿದೆವು.

ಹೊಳೆ ಓಣಿಯ ಪ್ರತಿ ಮನೆಗೆ ಎತ್ತರದಲ್ಲಿರುವ ಒಂದು ಮನೆ ಜೋಡಿ. ಈ ಜೋಡಿಯನ್ನು ಅವರವರೇ ಆರಿಸಿಕೊಳ್ಳಬೇಕು. ಮನಸ್ತಾಪ ಇರುವವರ ಹಿತ್ತಲಲ್ಲಿ ಯಾರೂ ಎಮ್ಮೆ ಕಟ್ಟುವುದಿಲ್ಲ. ಬೇಸಿಗೆಯಲ್ಲೇ ಒಂದಿಷ್ಟು ಕಣಕಿ (ಒಣ ಮೇವು) ಅಲ್ಲಿ ಒಟ್ಟಿಡುತ್ತಾರೆ. ಟ್ರ್ಯಾಕ್ಟರ್ ಇರುವವರ ಹತ್ತಿರ ಯಾರ ದನ ಯಾರ ಟ್ರೈಲರಿನಲ್ಲಿ ಅಂತ ಮೊದಲೇ ಮಾತಾಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಆಗಲೇಬೇಕು. ದನದ ಕಿವಿಯ ಬಿಲ್ಲೆಯಲ್ಲಿ 12 ಅಂಕಿಯ ನಂಬರ್ ಇರುತ್ತದಲ್ಲ, ಅದು ಕಾಣುವಂತೆ ಫೋಟೋ ತೆಗೆದಿಡುತ್ತೇವೆ. ದನ ತೇಲಿ ಹೋದರೆ ಪರಿಹಾರ ಕೇಳಲು ಏನಾದರೂ ಕೈಯಲ್ಲಿರಬೇಕು. ಇನ್ನೊಂದು, ಹೊಳೆ ಏರುವ ದಿನಗಳಲ್ಲಿ ರಾತ್ರಿ ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಬೇಕು. ಕಟ್ಟಿದ ದನ ಈಜಲಾರದು.

ಟಿವಿಯಲ್ಲಿ ಹೊಳೆಗೆ ಇಷ್ಟು ಲಕ್ಷ ಕ್ಯೂಸೆಕ್ ನೀರು ಅಂತ ಹೇಳುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಇದು ತಿಳಿದರೂ ನಮ್ಮ ಓಣಿಗೆ ನೀರು ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಹಿರಿಯರನ್ನು ಕರೆದುಕೊಂಡು ಓಣಿ ಓಣಿ ತಿರುಗಿದೆವು. ಯಾವ ವರ್ಷ ನೀರು ಎಲ್ಲಿಗೆ ನಿಂತಿತ್ತು ಅಂತ ಅವರು ತೋರಿಸಿದರು. ಅದನ್ನು ನೋಡಿ ಹೊಳೆ ಹತ್ತಿರದ ಗೋಡೆಗಳ ಮೇಲೆ ಬಣ್ಣದ ಗೆರೆ ಎಳೆದೆವು. ನೀರು ಹಳದಿ ಗೆರೆ ಮುಟ್ಟಿದರೆ ದನ, ವಯಸ್ಸಾದವರು, ಬಸುರಿ, ಬಾಣಂತಿಯರು ಹೊರಡಬೇಕು. ಕೆಂಪಿಗೆ ಎಲ್ಲರೂ. ರಾತ್ರಿ ಏರುವ ಲಕ್ಷಣ ಕಂಡರೆ ಗೆರೆಗೂ ಕಾಯಬಾರದು, ಬೆಳಕಿರುವಾಗಲೇ ಹೋಗಬೇಕು.

ಕಾಗದಪತ್ರದ ಕೆಲಸ ಸುಲಭ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹೊಲದ ಉತಾರ (ಪಹಣಿ) ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿಡುವುದು, ಅಷ್ಟೇ.

ನೀರು ಇಳಿದ ಮೇಲೆ ಏನು ಮಾಡಬೇಕೆಂಬುದನ್ನೂ ಮೊದಲೇ ಹೇಳುತ್ತೇವೆ. ನೆನೆದ ಮಣ್ಣಿನ ಗೋಡೆ ಎಷ್ಟೋ ಸಲ ಬೀಳುವುದು ನೀರು ಹೋದ ಮೇಲೆಯೇ. ಗೋಡೆ ನೋಡದೆ ಒಳಗೆ ಕಾಲಿಡಬೇಡಿ, ವೈರಿಂಗ್ ಒಣಗಿ ಲೈನ್‌ಮನ್ ನೋಡುವ ತನಕ ಮೇನ್ ಸ್ವಿಚ್ ಹಾಕಬೇಡಿ, ತೊಳೆಯುವ ಮುಂಚೆ ಫೋಟೋ ತೆಗೆಯಿರಿ. ಇದನ್ನು ಕಟ್ಟೆಯ ಮೇಲೆ ಕೂತ ಗಂಡಸರಿಗೆ ಹೇಳಿದ್ದಕ್ಕಿಂತ ಹೆಂಗಸರ ಸಂಘದಲ್ಲಿ ಹೇಳಿದಾಗ ಜಾಸ್ತಿ ಉಪಯೋಗವಾಯಿತು. ಕೆಸರು ಬಳಿದು ತೆಗೆಯಲು ಮೊದಲು ಒಳಗೆ ಹೋಗುವವರು ಅವರೇ ಅಲ್ವಾ?