ಚಟ್ಟನೂಗಾಕ್ಕೆ ಹೊಸಬರಾ? ಮೊದಲು ಹೊಳೆದಂಡೆ, ಆಮೇಲೆ ಬೆಟ್ಟ

ಅಮೆರಿಕದ ಟೆನೆಸೀ ರಾಜ್ಯದ ಈ ಊರಿಗೆ ಹೊಸದಾಗಿ ಬಂದವರಲ್ಲಿ ಸುಮಾರು ಮನೆಯವರು ಮೊದಲ ಶನಿವಾರವೇ ಲುಕ್‌ಔಟ್ ಮೌಂಟನ್ ಕಡೆ ಕಾರು ತಿರುಗಿಸುತ್ತಾರೆ. ಬಂಡೆಗಳ ನಡುವಿನ ತೋಟ ರಾಕ್ ಸಿಟಿ, ಗುಹೆಯೊಳಗಿನ ಜಲಪಾತ ರೂಬಿ ಫಾಲ್ಸ್, ಬೆಟ್ಟ ಹತ್ತುವ ಇನ್‌ಕ್ಲೈನ್ ರೈಲು, ಮೂರೂ ಒಂದೇ ದಿನ. ಜೇಬು ಖಾಲಿ, ಮಕ್ಕಳು ಸುಸ್ತು. ಅವಸರ ಬೇಡ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ಹೇಗೂ ಹೋಗಲೇಬೇಕು, ಅಲ್ವಾ? ಅಲ್ಲಿವರೆಗೆ ಟಿಕೆಟ್ ಇಲ್ಲದೆ ನೋಡುವುದೇ ಬೇಕಾದಷ್ಟಿದೆ.

ಟೆನೆಸೀ ನದಿಯ ಮೇಲಿನ ವಾಲ್ನಟ್ ಸ್ಟ್ರೀಟ್ ಸೇತುವೆಯಿಂದ ಶುರುಮಾಡಿ. 1890ರ ದಶಕದ ಹಳೇ ಕಬ್ಬಿಣದ ಸೇತುವೆ, 1993ರಿಂದ ನಡೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ರಿಪೇರಿ ಇದ್ದಾಗ ಮುಚ್ಚಿರುತ್ತಾರೆ, ವಿಚಾರಿಸಿಕೊಂಡು ಹೊರಡಿ. ಆ ಬದಿಗೆ ಕೂಲಿಡ್ಜ್ ಪಾರ್ಕ್. ಬೇಸಿಗೆಯಲ್ಲಿ ಅಲ್ಲಿನ ಕಾರಂಜಿಯಲ್ಲಿ ಮಕ್ಕಳು ನೆನೆಯದೆ ಬರುವುದಿಲ್ಲ. ಇನ್ನೊಂದು ಜೊತೆ ಬಟ್ಟೆ, ಒಂದು ಟವೆಲ್, ಡಬ್ಬಿಯಲ್ಲಿ ಮೊಸರನ್ನ ಇದ್ದರೆ ಸಂಜೆ ಕಳೆದದ್ದೇ ಗೊತ್ತಾಗಲ್ಲ. ಡೌನ್‌ಟೌನ್ ಒಳಗೆ ಓಡಾಡಲು ಎಲೆಕ್ಟ್ರಿಕ್ ಶಟಲ್ ಬಸ್ ಪುಕ್ಕಟೆ.

ಅಕ್ವೇರಿಯಂಗೆ ಮಾತ್ರ ದುಡ್ಡು ಕೊಟ್ಟು ಹೋಗಿ. ನದಿಯದ್ದೊಂದು ಕಟ್ಟಡ, ಸಮುದ್ರದ್ದೊಂದು. 1992ರಲ್ಲಿ ತೆರೆದ ನದಿ ಕಟ್ಟಡ ನಮಗೆ ಜಾಸ್ತಿ ಇಷ್ಟ. ಎಸ್ಕಲೇಟರ್‌ನಲ್ಲಿ ಮೇಲೆ ಹೋದರೆ ಬೆಟ್ಟದ ತೊರೆ, ನೀರುನಾಯಿ. ಅಲ್ಲಿಂದ ನೀರಿನ ಜೊತೆಗೇ ಇಳಿಯುತ್ತಾ ಬಂದರೆ ದೊಡ್ಡ ಹೊಳೆಯ ಮೀನುಗಳು. ಚಿಕ್ಕ ಮಕ್ಕಳಿದ್ದರೆ ವರ್ಷದ ಮೆಂಬರ್‌ಶಿಪ್ ದರ ಕೇಳಿ ನೋಡಿ.

ಈಗ ಹಿರಿಯರ ವಿಷಯ. ಮಂಡಿನೋವಿದ್ದವರಿಗೆ ಇನ್‌ಕ್ಲೈನ್ ರೈಲೇ ಸರಿ. 1895ರಿಂದ ಇದೆ, ಕೂತೇ ಬೆಟ್ಟ ಹತ್ತಬಹುದು. ತುದಿಗೆ ಹತ್ತಿರವಾದ ಹಾಗೆ ಏರು ಎಷ್ಟು ಕಡಿದೆಂದರೆ, ಹಿಂದೆ ತಿರುಗಿದರೆ ಊರು ಕಾಲಡಿಗೇ ಬಂದಂತಿರುತ್ತದೆ. ರೂಬಿ ಫಾಲ್ಸ್‌ನಲ್ಲಿ ಲಿಫ್ಟ್ ಇಳಿದ ಮೇಲೆ ಇಕ್ಕಟ್ಟಾದ ಗುಹೆಯಲ್ಲಿ ನಡೆಯಬೇಕು, ವ್ಹೀಲ್‌ಚೇರ್ ಹೋಗಲ್ಲ. ನೆಲದೊಳಗೆ 145 ಅಡಿ ಜಲಪಾತ, ಬಣ್ಣದ ದೀಪ, ಸಂಗೀತ. ಜೋಗ ನೋಡಿದವರು "ಇಷ್ಟೇನಾ?" ಅನ್ನಬಹುದು, ಮಕ್ಕಳಿಗಂತೂ ಖುಷಿ. ಟಿಕೆಟ್‌ಗೆ ಸಮಯ ನಿಗದಿ ಇರುತ್ತದೆ, ಮೊದಲೇ ಬುಕ್ ಮಾಡಿ.

ರಾಕ್ ಸಿಟಿ ಇರುವುದು ಜಾರ್ಜಿಯಾ ಗಡಿಯೊಳಗೆ. ತೂಗುಸೇತುವೆಗೆ ಹೆದರುವವರಿಗೆ ಕಲ್ಲಿನ ಸೇತುವೆಯೂ ಉಂಟು. ಮೇಲಿಂದ ಏಳು ರಾಜ್ಯ ಕಾಣುತ್ತದಂತೆ. ಎರಡು ಮೂರಂತೂ ಕಾಣುತ್ತದೆ, ಉಳಿದದ್ದು ನಿಮ್ಮ ನಂಬಿಕೆಗೆ ಬಿಟ್ಟಿದ್ದು.

ಮಗು ನಾಲ್ಕನೇ ಗ್ರೇಡ್‌ನಲ್ಲಿದ್ದರೆ 'ಎವ್ರಿ ಕಿಡ್ ಔಟ್‌ಡೋರ್ಸ್' ಪಾಸ್ ತೆಗೆದುಕೊಳ್ಳಿ. ಬೆಟ್ಟದ ಮೇಲಿನ ಪಾಯಿಂಟ್ ಪಾರ್ಕ್‌ನಂಥ ರಾಷ್ಟ್ರೀಯ ಉದ್ಯಾನಗಳಿಗೆ ಜೊತೆಗಿರುವ ಮನೆಯವರಿಗೂ ಪ್ರವೇಶ ಪುಕ್ಕಟೆ. ಪಾಸನ್ನು ಮರೆಯದೆ ಒಯ್ಯಿರಿ.