ಬೆಣ್ಣೆ, ಸುಣ್ಣ ಮತ್ತು 808

ಕನ್ನಡದಲ್ಲಿ ರ‍್ಯಾಪ್ ಮಾಡೋ ನಾವು ಮೂವರು. ಒಬ್ಬ ಬರೆದು ಹಾಡ್ತಾನೆ, ಇನ್ನೊಬ್ಬ ಸ್ಟೇಜಿನಲ್ಲಿ ಬೀಟು ನುಡಿಸೋ ಗುಂಡಿ ಪೆಟ್ಟಿಗೆ (ಕಂಟ್ರೋಲರ್) ನೋಡ್ಕೋತಾನೆ, ಬೀಟು, ಅಂದರೆ ಹಾಡಿನ ಹಿಂದಿನ ತಾಳ-ಸಂಗೀತ, ನನ್ನದು. ದಾವಣಗೆರೆಯ ಬಾಡಿಗೆ ರೂಮಿನಲ್ಲಿ 2016ರಲ್ಲಿ ಶುರು ಮಾಡಿದ್ವಿ. ಮೈಕಿನ ಸುತ್ತ ಅಜ್ಜಿಯ ಕೌದಿ ಇಳಿಬಿಟ್ಟು, ಫ್ಯಾನ್ ಆರಿಸಿ ರೆಕಾರ್ಡಿಂಗ್. ಏಪ್ರಿಲ್ ಬಿಸಿಲಲ್ಲಿ ನಾಲ್ಕು ಟೇಕ್ ಆಗೋಷ್ಟರಲ್ಲಿ ಹಾಡೋನ ಅಂಗಿ ಹಿಂಡಿದರೆ ನೀರು ಸುರೀತಿತ್ತು.

ಮೊದಲ ಎರಡು ವರ್ಷದ ಹಾಡುಗಳನ್ನು ಈಗ ಕೇಳೋಕೆ ನಾಚಿಕೆ. ಇಂಗ್ಲಿಷ್ ರ‍್ಯಾಪ್ ಕೇಳಿ ಬೀಟು ಮಾಡ್ತಿದ್ದೆ, ಅದರೊಳಗೆ ಕನ್ನಡ ತುರುಕ್ತಿದ್ವಿ. 90 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 90 ಏಟಿನ ವೇಗದಲ್ಲಿ, ನಾಲ್ಕು ಏಟಿನ ಒಂದು ಬಾರ್ ಅಂದರೆ 2.67 ಸೆಕೆಂಡು. ಅದರಲ್ಲಿ 16 ಮನೆ, ಒಂದೊಂದು ಮನೆಗೆ ಸೆಕೆಂಡಿನ ಆರನೇ ಒಂದು ಭಾಗ. ‘ಹೋಗುತ್ತಿದ್ದೇನೆ’ ಅಂತ ಬರೆದರೆ ಒಂದೇ ಪದಕ್ಕೆ ಐದು ಮನೆ ಖರ್ಚು. ‘ಹೋಗ್ತಿದೀನಿ’ ಅಂದಾಗ ಉಸಿರಾಡೋಕೆ ಜಾಗ ಸಿಕ್ತು.

ಅದಕ್ಕಿಂತ ದೊಡ್ಡ ತಲೆನೋವು ಪ್ರಾಸ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಹಾಗಾಗಿ ಎಲ್ಲಾ ಸಾಲೂ ‘-ತೀನಿ, -ತೀನಿ’ ಅಂತಲೇ ಮುಗೀತಿತ್ತು. ಪ್ರಾಸ ಬಿಟ್ಟಿ ಸಿಗ್ತಿತ್ತು, ಕೇಳೋರಿಗೆ ಅದು ಗೊತ್ತೂ ಆಗ್ತಿತ್ತು. ಒಂದು ರಾತ್ರಿ ನಮ್ಮ ಹಾಡೋ ಹುಡುಗನಿಗೆ ಪಿಯುಸಿ ಮೇಷ್ಟ್ರು ನೆನಪಾದರು. ಹಳಗನ್ನಡ ಪದ್ಯದಲ್ಲಿ ಪ್ರಾಸ ಇರೋದು ಸಾಲಿನ ತುದೀಲಲ್ಲ, ಎರಡನೇ ಅಕ್ಷರದಲ್ಲಿ. ಅಲ್ಲೇ ಕೂತು ಬರೆದ:

ಬೆಣ್ಣೆ ಕರಗೋ ಹೆಂಚಿನ್ ಮ್ಯಾಲೆ
ಸುಣ್ಣ ಉದುರೋ ಮಿಲ್ಲಿನ್ ಗ್ವಾಡೆ

ಊರಿನ ದೋಸೆ, ಮುಚ್ಚಿದ ಬಟ್ಟೆ ಮಿಲ್ಲು ಎರಡೂ ಬಂದವು, ತುದಿಯಲ್ಲಿ ಒಂದು ‘-ತೀನಿ’ಯೂ ಇಲ್ಲ. ‘ಣ್ಣ’ ಮೇಲೆ ಕಿಕ್ ಡ್ರಮ್ಮಿನ ಏಟು ಬೀಳೋ ಹಾಗೆ ಬೀಟು ಹೊಸದಾಗಿ ಕಟ್ಟಿದೆ. ಅವತ್ತಿಂದ ಮಾತು ಮೊದಲು, ಬೀಟು ಆಮೇಲೆ.

‘ಇದು ರ‍್ಯಾಪೋ, ಡಿಜೆ ಮ್ಯೂಸಿಕ್ಕೋ?’ ಅಂತ ಕೇಳೋರು ಇವತ್ತಿಗೂ ಇದ್ದಾರೆ. ಎರಡೂ ಬೆರೆತು ಎಷ್ಟೋ ಕಾಲ ಆಯ್ತು. ನ್ಯೂಯಾರ್ಕಿನ ಡಿಜೆ ಆಫ್ರಿಕಾ ಬಂಬಾಟಾ 1982ರಲ್ಲೇ ಜರ್ಮನಿಯ ಎಲೆಕ್ಟ್ರಾನಿಕ್ ಬ್ಯಾಂಡ್ ಕ್ರಾಫ್ಟ್‌ವರ್ಕ್‌ನವರ ಟ್ಯೂನನ್ನು ರೋಲ್ಯಾಂಡ್ 808 ಅನ್ನೋ ಡ್ರಮ್ ಮಷೀನಿನ ತಾಳದ ಮೇಲೆ ಕೂರಿಸಿ ರ‍್ಯಾಪ್ ಹಾಡಿಸಿದ್ದ. ಆ ಮಷೀನು ತಯಾರಾಗಿದ್ದು 1983ರ ತನಕ ಮಾತ್ರ. ನಾನಂತೂ ಅದನ್ನು ಕಣ್ಣಾರೆ ಕಂಡಿಲ್ಲ, ನನ್ನ ಹತ್ತಿರ ಇರೋದು ಅದರ ಸ್ಯಾಂಪಲ್ಲು, ಅಂದರೆ ರೆಕಾರ್ಡ್ ಮಾಡಿಟ್ಟ ಸದ್ದು.

ಆ ಸ್ಯಾಂಪಲ್ ಜೊತೆ ಡೊಳ್ಳು ಸೇರಿಸೋಕೆ ಹೋಗಿ ಒದ್ದಾಡಿದೆ. ಜಾತ್ರೇಲಿ ಫೋನಲ್ಲಿ ಹಿಡಿದ ಡೊಳ್ಳು ಒಡೆದ ತಗಡಿನ ಹಾಗೆ ಕೇಳ್ತು. ಮತ್ತೆ ಸರಿಯಾದ ಮೈಕ್ ಒಯ್ದು, ಎರಡು ಮಾರು ದೂರ ಇಟ್ಟು ಹಿಡಿದೆ. ಡೊಳ್ಳಿನ ಗುಡುಗೂ 808ರ ಬೇಸೂ ಕೆಳಗಡೆ ಒಂದೇ ಜಾಗಕ್ಕೆ ಜಗಳ ಆಡ್ತವೆ. ಡೊಳ್ಳಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದು ಕತ್ತರಿಸಿದ ಮೇಲೆ ಎರಡೂ ಉಳಿದವು. ಕುಣಿತದವರು ಹೋಗ್ತಾ ಹೋಗ್ತಾ ವೇಗ ಏರಿಸ್ತಾರೆ. ಮೊದಲು ಅದನ್ನು ಕೊಯ್ದು ಕಂಪ್ಯೂಟರಿನ ತಾಳದ ಗೆರೆಗೆ ಕೂರಿಸ್ತಿದ್ದೆ, ಹೆಣದ ಹಾಗೆ ಬಿದ್ದಿರ್ತಿತ್ತು. ಈಗ ಹಾಡಿನ ಟೆಂಪೋವನ್ನೇ ಅವರ ಹಿಂದೆ ಓಡಿಸ್ತೀನಿ.

ಒಂದು ಕಾಲೇಜ್ ಫೆಸ್ಟಲ್ಲಿ ಮರ್ಯಾದೆ ಹೋಯ್ತು. ಹೆಡ್‌ಫೋನಲ್ಲಿ ಚೆನ್ನಾಗಿ ಕೇಳುತ್ತೆ ಅಂತ ಬೇಸನ್ನು ಎಡಕ್ಕೂ ಬಲಕ್ಕೂ ಹರಡಿದ್ದೆ. ಅಲ್ಲಿನ ಸೌಂಡ್ ಸಿಸ್ಟಮ್ ಎಡ-ಬಲ ಬೇರೆ ಮಾಡದ ಮೋನೋ. ಎರಡೂ ಬದಿ ಸೇರಿದಾಗ ಒಂದನ್ನೊಂದು ಹೊಡೆದುಹಾಕಿ ಬೇಸೇ ಮಾಯ. ಸಾವಿರ ಹುಡುಗರ ಮುಂದೆ ಬರೀ ಟಿಕ್ ಟಿಕ್ ಅನ್ನೋ ಹೈ-ಹ್ಯಾಟು. ಈಗ 120 ಹರ್ಟ್ಸ್ ಕೆಳಗಿನದೆಲ್ಲ ಮೋನೋದಲ್ಲೇ ಇಡ್ತೀನಿ.

ನಾವು ಒಬ್ಬರಿಗೊಬ್ಬರು ಮಾತಾಡೋದು ಬಿಟ್ಟಿದ್ದು ಮಾತ್ರ ಸೌಂಡಿಗಾಗಿ ಅಲ್ಲ, ದುಡ್ಡಿಗಾಗಿ. ಒಂದು ಹಾಡು ಓಡ್ತು, ಅಪ್‌ಲೋಡ್ ಮಾಡುವಾಗ ನಾನು ನನ್ನೊಬ್ಬನ ಹೆಸರು ಹಾಕಿದ್ದೆ. ಮರೆವು ಅಂದೆ, ಪೂರ್ತಿ ಮರೆವೇನೂ ಅಲ್ಲ. ಎಂಟು ತಿಂಗಳು ಹಾಡೋ ಹುಡುಗ ರೂಮಿಗೆ ಬರಲಿಲ್ಲ. ಈಗ ರೆಕಾರ್ಡಿಂಗ್‌ಗೆ ಮೊದಲೇ ಹಾಳೆ ಮೇಲೆ ಬರೀತೀವಿ: ಸಾಹಿತ್ಯಕ್ಕೆ ಎಷ್ಟು, ಬೀಟಿಗೆ ಎಷ್ಟು, ರೆಕಾರ್ಡಿಂಗ್ ಹಕ್ಕು ಯಾರದು. ಮೂರು ಸಹಿ ಬೀಳದೆ ಮೈಕ್ ಆನ್ ಆಗಲ್ಲ. ಮೊನ್ನೆಯ ಹಾಡಿನ ಹಾಳೆಯಲ್ಲಿ ನಾಲ್ಕನೇ ಸಹಿ ಇದೆ, ಡೊಳ್ಳಿನ ತಂಡದ ಹಿರಿಯರದು. ಪೆನ್ನು ಕೊಡೋಕೆ ಮುಂಚೆ ಅವರು ಹಾಡನ್ನ ಎರಡು ಸಲ ಹಾಕಿಸಿಕೊಂಡು ಕೇಳಿದರು.