ಜುನಾ ಬಾಜಾರಿನ ಬಯೊನೆಟ್‌ಗಳು: ನಾನು ಗುರುತು ಹಿಡಿಯುವ ಬಗೆ

ಪುಣೆಯ ಮಂಗಳವಾರ ಪೇಠೆಯ ಜುನಾ ಬಾಜಾರಿನಲ್ಲಿ ಭಾನುವಾರ, ಬುಧವಾರಗಳಂದು ಹಳೆಯ ಕಬ್ಬಿಣ ಹರಡಿಕೊಂಡಿರುತ್ತದೆ. ಅದರೊಳಗೆ ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಇರಿಯುವ ಆಯುಧ, ಕಂಡರೆ ನಾನು ಮೊದಲು ಅಳೆಯುವುದು ಅದರ ಉಂಗುರವನ್ನು. ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿಯ ಒಂದು ತುದಿಯಲ್ಲಿರುವ ಈ ಉಂಗುರ ಬಂದೂಕಿನ ಮೂತಿಗೆ ಕೂರುವ ಭಾಗ. ಅಲಗನ್ನು ಯಾರೋ ಮಸೆದು ಸವೆಸಿರುತ್ತಾರೆ, ಹಿಡಿಯ ಮರ ಬದಲಾಗಿರುತ್ತದೆ, ಒರೆ ಇನ್ನಾವುದರದ್ದೋ ಆಗಿರುತ್ತದೆ. ಉಂಗುರದ ಒಳ ಅಳತೆ ಮಾತ್ರ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ನನ್ನ ಉದ್ಯೋಗವಾದ್ದರಿಂದ ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ಚೀಲದಲ್ಲಿಯೇ ಇರುತ್ತದೆ. ಬ್ರಿಟಿಷರ 1907ರ ಮಾದರಿಯ ಉಂಗುರ ಸುಮಾರು 16.5 ಮಿ.ಮೀ., ಫ್ರೆಂಚರ 1866ರ ಶಾಸ್ಪೋ ಬಂದೂಕಿನದು 18ರ ಹತ್ತಿರ. ಈ ಒಂದೂವರೆ ಮಿಲಿಮೀಟರು ಎರಡು ದೇಶಗಳನ್ನು ಬೇರೆ ಮಾಡುತ್ತದೆ.

ಶಾಸ್ಪೋ ಹೆಸರು ಸುಮ್ಮನೆ ಹೇಳಲಿಲ್ಲ. ಕಲಬುರಗಿ ಕಡೆಯ ವ್ಯಾಪಾರಿಯೊಬ್ಬರು ಹಿತ್ತಾಳೆಯ ಹಿಡಿ, ಬಾಗು ಬಳುಕಿನ ಉದ್ದ ಅಲಗು ಇದ್ದ ಆಯುಧವೊಂದನ್ನು ತೋರಿಸಿ, "ಪೇಶ್ವೆಯರ ಕಾಲದ್ದು, ಸಾಹೇಬರೇ, ಯಾವುದೋ ವಾಡೆಯಿಂದ ಬಂದಿದೆ" ಎಂದರು. ಉಂಗುರವಿದ್ದ ಮೇಲೆ ಅದು ಕತ್ತಿಯಲ್ಲ, ಬಯೊನೆಟ್ಟೇ. ಅಲಗಿನ ಬೆನ್ನನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಾಗ ಕೂಡಕ್ಷರದಲ್ಲಿ ಕೊರೆದ ಸಾಲು ಕಾಣಿಸಿತು: ಸೇಂತ್ ಎತಿಯೆನ್ ಕಾರ್ಖಾನೆ, ತಿಂಗಳು, 1869. "ಕಾಕಾ, ಪೇಶ್ವೆಯರ ಆಳ್ವಿಕೆ 1818ಕ್ಕೇ ಮುಗಿಯಿತು. ಇದು ಫ್ರಾನ್ಸಿನಲ್ಲಿ ತಯಾರಾದದ್ದು, ಇಲ್ಲಿ ಬರೆದಿದೆ ನೋಡಿ" ಎಂದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಹಾಗಾದರೆ ಇನ್ನು ಮುಂದೆ ಫ್ರಾನ್ಸಿನದ್ದೆಂದೇ ಹೇಳುತ್ತೇನೆ" ಎಂದರು. ಆ ಬರಹದಲ್ಲಿ 'ಸಾಮ್ರಾಟರ ಕಾರ್ಖಾನೆ' ಎಂಬರ್ಥದ ಪದವೂ ಇತ್ತು. 1870ರಲ್ಲಿ ಮೂರನೆಯ ನೆಪೋಲಿಯನ್ ಪದಚ್ಯುತನಾದ ಮೇಲೆ ತಯಾರಾದವುಗಳಲ್ಲಿ ಅದು ಇರುವುದಿಲ್ಲ. ಕಾಲವನ್ನು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಗುರುತುಗಳನ್ನು ಓದಬೇಕಾದರೆ ತುಕ್ಕಿನ ಮೇಲೆ ಎಮರಿ ಕಾಗದ ಆಡಿಸಲೇಬಾರದು. ಹೊಳಪಿನ ಆಸೆಗೆ ಅಚ್ಚುಗಳನ್ನೇ ಉಜ್ಜಿ ಅಳಿಸಿದ ಅಲಗುಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ತೀಡಿ, ಮೊಬೈಲಿನ ಬೆಳಕನ್ನು ಪಕ್ಕದಿಂದ ಬಿಟ್ಟು ಫೋಟೊ ತೆಗೆದರೆ ಸಾಕು.

ಇಲ್ಲಿ ಹೆಚ್ಚು ತಬ್ಬಿಬ್ಬುಗೊಳಿಸುವುದು ಮೋಟು ಅಲಗಿನ 1907. ಜಪಾನಿನ ಅರಿಸಾಕಾ ಬಂದೂಕಿನ ಬಯೊನೆಟ್ ನೋಡಿ ರೂಪಿಸಿದ ಈ ಮಾದರಿಯ ಮೂಲ ಅಲಗು 17 ಇಂಚು. ಅಡ್ಡಪಟ್ಟಿಯ ಬಾಗಿದ ಕೊಕ್ಕೆಯನ್ನು 1913ರಲ್ಲಿ ಕೈಬಿಟ್ಟರು. ಕೊಕ್ಕೆ ಉಳಿದಿರುವುದು ಸಿಕ್ಕರೆ ಅದು ಅಪರೂಪ. ಎರಡನೆಯ ಮಹಾಯುದ್ಧದ ಕಾಲಕ್ಕೆ ಭಾರತೀಯ ಸೇನೆಗಾಗಿ 12 ಇಂಚಿನ ಅಲಗು ಬಂತು. ಕೆಲವನ್ನು ಹಳೆಯ ಉದ್ದ ಅಲಗನ್ನು ಕತ್ತರಿಸಿಯೇ ಮಾಡಿದರು, ಇನ್ನು ಕೆಲವನ್ನು ಬಂಗಾಳದ ಇಶಾಪುರ ಬಂದೂಕು ಕಾರ್ಖಾನೆಯಲ್ಲಿ ಹೊಸದಾಗಿ ತಯಾರಿಸಿದರು. ಅಲಗಿನ ಮೈಮೇಲೆ ಉದ್ದಕ್ಕೆ ಕೊರೆದ ತೋಡು ತುದಿಯವರೆಗೂ ಓಡಿದ್ದರೆ ಅದು ಕತ್ತರಿಸಿದ್ದು. ತೋಡೇ ಇಲ್ಲದೆ ಚಪ್ಪಟೆಯಾಗಿದ್ದರೆ ಹೊಸದಾಗಿ ಮಾಡಿದ್ದು, ಅಂದರೆ ಎರಡನೆಯ ಮಾರ್ಕ್ (ಒಂದೇ ಮಾದರಿಯ ಬದಲಾದ ರೂಪಗಳಿಗೆ ಕೊಡುವ ಕ್ರಮಸಂಖ್ಯೆ) ಅಥವಾ ಅದರ ನಂತರದ್ದು. ಆದರೆ ಯಾರೋ ತೆಂಗಿನಕಾಯಿ ಸುಲಿಯಲೆಂದು ಮನೆಯಲ್ಲೇ ಕತ್ತರಿಸಿದ್ದರೂ ತೋಡು ತುದಿಯವರೆಗೇ ಇರುತ್ತದೆ! ಆಗ ಅಲಗಿನ ಬುಡದ ಅಚ್ಚು ನೋಡಬೇಕು. ಸರ್ಕಾರಿ ಕೆಲಸವಾದರೆ ಹೊಸ ಮಾದರಿಯ ಹೆಸರಿನ ಅಚ್ಚು ಬಿದ್ದಿರುತ್ತದೆ, ಅಲಗು 12 ಇಂಚಿಗೆ ಸರಿಯಾಗಿರುತ್ತದೆ, ತುದಿ ಎರಡೂ ಕಡೆ ಸಮನಾಗಿ ಇಳಿದಿರುತ್ತದೆ. ಮನೆಯ ಗ್ರೈಂಡರಿನ ಕೆಲಸದಲ್ಲಿ ತುದಿಯ ಬಳಿ ಲೋಹ ಸುಟ್ಟ ನೀಲಿ ಛಾಯೆ ಎಷ್ಟೋ ಸಲ ಉಳಿದಿರುತ್ತದೆ. ಇಶಾಪುರದ್ದರ ಮೇಲೆ ಕಿರೀಟದ ಕೆಳಗೆ ಜಾರ್ಜ್ ದೊರೆಯನ್ನು ಸೂಚಿಸುವ 'ಜಿಆರ್‌ಐ', ಪಕ್ಕದಲ್ಲಿ ಇಸವಿಯೊಂದಿಗೆ 'ಆರ್‌ಎಫ್‌ಐ' (ರೈಫಲ್ ಫ್ಯಾಕ್ಟರಿ ಇಶಾಪುರ) ಕಾಣುತ್ತದೆ. ಗುಣಿಸು ಚಿಹ್ನೆಯಂತಹ ಗೀಟು, ಅಲಗನ್ನು ಬಾಗಿಸಿ ಪರೀಕ್ಷಿಸಿದ್ದರ ಗುರುತು.

ಕೊಳ್ಳುವ ಮೊದಲು ಕಾನೂನು ಕೇಳಿಕೊಳ್ಳಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬಯೊನೆಟ್ ಹೆಸರು ಹೇಳಿಯೇ ಸೇರಿದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂತಹ ಆಯುಧಕ್ಕೂ ಪರವಾನಗಿ ಬೇಕು. ನಾನು ನಮ್ಮ ಬಡಾವಣೆಯ ಪೊಲೀಸ್ ಠಾಣೆಯಲ್ಲಿ ವಿಚಾರಿಸದೆ ಯಾವುದನ್ನೂ ಮನೆಗೆ ತರುವುದಿಲ್ಲ. ಅಳತೆ, ಫೋಟೊಗಳಷ್ಟೇ ತಂದರೂ ಈ ಹವ್ಯಾಸ ಪೂರ್ತಿಯಾಗಿಯೇ ನಡೆಯುತ್ತದೆ.

ಬಯೊನೆಟ್ ಎಂದು ವ್ಯಾಪಾರಿಗೇ ತಿಳಿಯದಿರುವುದೂ ಉಂಟು. ಬ್ರಿಟಿಷ್ ಸೇನೆಯ ನಾಲ್ಕನೆಯ ನಂಬರಿನ ಲೀ-ಎನ್‌ಫೀಲ್ಡ್ ಬಂದೂಕಿನ ಬಯೊನೆಟ್ಟಿಗೆ ಮರದ ಹಿಡಿಯೂ ಇಲ್ಲ, ಅಗಲದ ಅಲಗೂ ಇಲ್ಲ. ಎಂಟು ಇಂಚಿನ ದಬ್ಬಣದಂತಹ ಮೊಳೆ, ಅದರ ಬುಡದಲ್ಲಿ ಮೂತಿಗೆ ಸಿಕ್ಕಿಸುವ ಕೊಳವೆ, ಅಷ್ಟೆ. ಮೊಳೆ ಗುಂಡಗಿದ್ದರೆ ಎರಡನೆಯ ಮಾರ್ಕ್ ಅಥವಾ ನಂತರದ್ದು. ಉದ್ದಕ್ಕೂ ನಾಲ್ಕು ತೋಡುಗಳಿದ್ದು ಅಡ್ಡ ಸೀಳಿದರೆ ಕೂಡಿಸು ಚಿಹ್ನೆಯಂತೆ ಕಾಣುವಂತಿದ್ದರೆ ಅದು ಮೊದಲ ಮಾರ್ಕ್, ಬಹಳ ಕಡಿಮೆ ಸಂಖ್ಯೆಯಲ್ಲಿ ತಯಾರಾದದ್ದು. ಅದನ್ನು ಮಾಡಿದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಹೊಲಿಗೆ ಯಂತ್ರದ ಕಾರ್ಖಾನೆ. ಸಿಂಗರ್ ತಯಾರಿಕೆಗೆ 'ಎಸ್‌ಎಂ' ಅಥವಾ 'ಎನ್67' ಎಂಬ ಅಚ್ಚು ಸಾಕ್ಷಿ. ಇವು ಉಳಿ, ಸ್ಕ್ರೂಡ್ರೈವರುಗಳ ರಾಶಿಯಲ್ಲಿ ಬಿದ್ದಿರುತ್ತವೆ. ಈಗ ನಾನು ಬಾಜಾರಿಗೆ ಹೋದರೆ ಕತ್ತಿಗಳ ಕಡೆಗಿಂತ ಮೊದಲು ಆ ರಾಶಿಯ ಮುಂದೆ ಕೂರುತ್ತೇನೆ.